ಕೊನೆಯ ಹಸಿರು ಕಡ್ಡಿ

ನಮ್ಮೂರಿಗೆ ಹೊಸಬರು ಯಾರೇ ಬರಲಿ, ಬಸ್ಸಿಳಿದು ಚಹಾ ಕುಡಿಯುವಷ್ಟರಲ್ಲಿ ಅದೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ನಿಮ್ಮ ಪ್ಲೇಯರಿನ ಬ್ಯಾಟರಿ ಎಷ್ಟು ತಾಸು ಬರ್ತದ್ರೀ?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತೇವೆ. "ಯಾರ ಜೋಡಿ ಕೂತು ಕೇಳ್ತೀರಿ ಅನ್ನೂದರ ಮ್ಯಾಲ ಐತ್ರೀ" ಎನ್ನುತ್ತೇವೆ. ಅವರು ಅದನ್ನು ಚೇಷ್ಟೆ ಅಂದುಕೊಳ್ಳುತ್ತಾರೆ. ಒಮ್ಮೆ ಒಬ್ಬ ಗಂಟು ತುಂಬ ಚಾರ್ಜರು ಹೊತ್ತುಕೊಂಡು ಮಾರಲಿಕ್ಕೆ ಬಂದಿದ್ದ. ಓಣಿ ಓಣಿ ತಿರುಗಿ ಗಂಟಲು ಹರಕೊಂಡು ಕೂಗಿದ. ಪಾಪ, ಸಂಜೆ ಬಸ್ಸಿಗೆ ಅದೇ ಗಂಟು ಹೊತ್ತುಕೊಂಡು ಹೋದ. ನನ್ನ ಅತ್ತೆ ಬಾಳವ್ವ ಅವನಿಗೆ ಎರಡು ರೊಟ್ಟಿ ಕಟ್ಟಿಕೊಟ್ಟಳು.

ಹಾಡು ಕೇಳುವ ನಮ್ಮ ಪ್ಲೇಯರು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಮುಂದೆ ಒಂದು ಸಣ್ಣ ಕಿಟಕಿ, ಕಿಟಕಿಯಲ್ಲಿ ಹಸಿರು ಕಡ್ಡಿಗಳು. ಅದರಿಂದ ಹೊರಡುವ ವೈರು ನಡುವೆ ಕವಲೊಡೆದು ಎರಡು ತುದಿಯಾಗುತ್ತದೆ. ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಗಂಡಿನ ಕಿವಿಗೊಂದು ತುದಿ, ಹೆಣ್ಣಿನ ಕಿವಿಗೊಂದು ತುದಿ. ಅಲ್ಲಿಂದ ಮುಂದೆ ಅದು ಇಬ್ಬರದು. ಇಬ್ಬರೂ ಮನಸ್ಸಿಟ್ಟು ಕೇಳಿದರೆ ಕಡ್ಡಿ ಏರುತ್ತದೆ. ಒಬ್ಬರ ಮನಸ್ಸು ಎಲ್ಲಿಯೋ ಹೋದರೂ ಇಳಿಯುತ್ತದೆ. ಕೊನೆಯ ಕಡ್ಡಿಯೂ ಆರಿತೆಂದರೆ ಮುಗಿಯಿತು, ಮತ್ತೆ ಹೊತ್ತುವುದಿಲ್ಲ. ಹಾಗೆ ಆರಿದ ಪ್ಲೇಯರನ್ನು ಹಳೆಯ ಕಲ್ಲುಗಣಿಯ ಹೊಂಡದ ದಂಡೆಗೆ ಇಟ್ಟು ಬರುತ್ತಾರೆ. ಆ ಮೇಲೆ ಆಕೆ ಸೀರೆ ಗಂಟು ಕಟ್ಟಿಕೊಂಡು ತವರಿಗೆ ಹೋದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಪಂಚಾಯ್ತಿ ಇಲ್ಲ, ಬೈದಾಟ ಇಲ್ಲ. ಅವನಿಗೂ ಯಾರೂ ಒಂದು ಮಾತು ಆಡುವುದಿಲ್ಲ.

ಇದಕ್ಕೆ ನಾವೆಲ್ಲ ಹೊಂದಿಕೊಂಡುಬಿಟ್ಟಿದ್ದೇವೆ. ಕ್ಷೌರದಂಗಡಿಯಲ್ಲಿ ನಮ್ಮಲ್ಲಿ ಹಾಡು ಹಚ್ಚುವುದಿಲ್ಲ. ರೊಟ್ಟಿ ಬಡಿಯುತ್ತ ಹಾಡು ಕೇಳಲಿಕ್ಕೆ ಹೋದರೆ ರೊಟ್ಟಿಯೂ ಹೊತ್ತುತ್ತದೆ, ಕಡ್ಡಿಯೂ ಹೋಗುತ್ತದೆ. ಗಂಡ ಹೆಂಡತಿ ಬೆಳಿಗ್ಗೆ ಉಪ್ಪು ಹೆಚ್ಚಾಯಿತೆಂದು ಕಿತ್ತಾಡಿದ್ದರೆ, "ಇವತ್ತು ಬ್ಯಾಡ, ಇನ್ನೂ ಹೊಟ್ಟ್ಯಾಗ ಉರಿ ಐತಿ" ಎಂದು ಅವರೇ ಪ್ಲೇಯರನ್ನು ಎತ್ತಿಡುತ್ತಾರೆ. ಮಂದಿಗೆ ಕಡ್ಡಿ ಕಾಣಬಾರದೆಂದು ಅದಕ್ಕೊಂದು ಬಟ್ಟೆಯ ಚೀಲ ಹೊಲಿಯುತ್ತೇವೆ, ಚೀಲಕ್ಕೆ ಕಸೂತಿ ಹಾಕುತ್ತೇವೆ. ಮೇಲಿನ ಓಣಿಯ ರುದ್ರಗೌಡ ಮಗನ ಮದುವೆಗೆಂದು ಎಲ್ಲಿಂದಲೋ ದೊಡ್ಡ ಬ್ಯಾಟರಿ ತರಿಸಿ ಹಾಕಿಸಿದ. ಎಲ್ಲರದಕ್ಕಿಂತ ಎರಡು ಪಟ್ಟು ಹಿಡಿಯುತ್ತದಂತೆ. ಹಿಡಿಯಿತು ನಿಜ, ಆದರೆ ತುಂಬಿಸಬೇಕಲ್ಲ. ಆ ಹುಡುಗ ಹುಡುಗಿ ಪಾಪ ಕೂತೇ ಕೂತರು, ಕಿಟಕಿಯಲ್ಲಿ ಅರ್ಧಕ್ಕಿಂತ ಮೇಲೆ ಹಸಿರು ಏರಲೇ ಇಲ್ಲ. "ದೊಡ್ಡ ಕೊಡ ತಂದೀ ಅಂತ ಬಾವ್ಯಾಗ ನೀರು ಹೆಚ್ಚಾಗ್ತದೇನೋ ಗೌಡಾ" ಎಂದು ನನ್ನ ಅತ್ತೆ ಅವನ ಮುಖದ ಮೇಲೆಯೇ ಅಂದಳು.

ನನ್ನ ಅತ್ತೆಯ ಬಾಯಿ ಅಂಥದ್ದು. ನಾವಿಬ್ಬರೂ ಬೆಳಗಾದರೆ ಜಗಳ. ನೀರಿನ ಕೊಡ ಎಲ್ಲಿ ಇಟ್ಟೆ ಎನ್ನುವುದಕ್ಕೂ ಜಗಳ. ಆದರೆ ನನ್ನ ಗಂಡ ತೀರಿಕೊಂಡ ಮೇಲೆ, ನಾನು ಒಂದು ತುದಿ ಕಿವಿಗೆ ಸಿಕ್ಕಿಸಿಕೊಂಡು ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಕೂತಿದ್ದಾಗ, ಆಕೆ ಬಂದು ಅದನ್ನು ಕೈಯಿಂದ ತೆಗೆದುಕೊಂಡು ತನ್ನ ಕಿವಿಗೆ ಇಟ್ಟುಕೊಂಡಳು. ಕೇಳಲಿಲ್ಲ, ಹೇಳಲಿಲ್ಲ. ಇವತ್ತಿಗೂ ನಮ್ಮದು ತುಂಬಿಯೇ ಇರುತ್ತದೆ.

ಅಮಾವಾಸ್ಯೆಯ ಸಂಜೆ ಮಾತ್ರ ಮುಚ್ಚುಮರೆ ಇಲ್ಲ. ಅಂದು ಓಣಿಯಲ್ಲಿ ಯಾರೂ ದೀಪ ಹಚ್ಚುವುದಿಲ್ಲ. ಹೊತ್ತು ಮುಳುಗುತ್ತಲೇ ಎಲ್ಲರೂ ತಮ್ಮ ತಮ್ಮ ಕಟ್ಟೆಗೆ ಬಂದು, ಚೀಲ ಕಳಚಿ, ಪ್ಲೇಯರನ್ನು ನಡುವೆ ಇಟ್ಟು ಕೂಡುತ್ತಾರೆ. ಕತ್ತಲು ಇಳಿದಂತೆ ಓಣಿಯ ಎರಡೂ ಬದಿ ಹಸಿರು ಚುಕ್ಕೆಗಳು. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಆದರೂ ಅದನ್ನು ನೋಡಿದಾಗ ಪ್ರತಿ ಸಲ ನನ್ನ ಮೈ ಜುಮ್ಮೆನ್ನುತ್ತದೆ. ಸದ್ದಿಲ್ಲ, ಮಾತಿಲ್ಲ. ಇಡೀ ಊರು ಕೇಳುತ್ತಾ ಕೂತಿರುತ್ತದೆ.

ನಮ್ಮ ಎದುರು ಮನೆ ನೀಲವ್ವನದು. ಅವಳ ಗಂಡ ಇರಸಂಗಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಮಷೀನಿನ ಮೇಲೆ ಕೆಲಸ ಮಾಡುತ್ತಾನೆ. ಕಲ್ಲಿನ ಕೆಲಸವೆಂದರೆ ಅವನದೇ. ಮದುವೆಯಾದ ವರ್ಷ ಅವನು ತನ್ನ ಮನೆಯ ಕಟ್ಟೆಗೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಖಂಡ ಕಲ್ಲು ಕೂರಿಸಿ, ಮುಖ ಕಾಣುವಂತೆ ಪಾಲಿಶ್ ಮಾಡಿದ್ದ. "ನನ್ನ ಹೆಂಡ್ತಿ ಕೂಡೂದಕ್ಕ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದ. ನಾವು ಹೆಂಗಸರು ಎಷ್ಟು ನಕ್ಕಿದ್ದೆವು, ಒಳಗೊಳಗೆ ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೆವು ಎನ್ನುವುದು ನಮಗೇ ಗೊತ್ತು.

ಅವರ ಮದುವೆಯಲ್ಲಿ ಮೊದಲು ಹಚ್ಚಿದ ಹಾಡು ನನಗಿನ್ನೂ ನೆನಪಿದೆ. ಕುರಿ ಕಾಯುವ ಹುಡುಗಿಯೊಬ್ಬಳು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ಹಳ್ಳ ದಾಟುವ ಹಾಡು ಅದು. ನಾಲ್ಕು ಹೆಜ್ಜೆ ಸಲೀಸು, ಆ ಮೇಲೆ ಮುಂದಿನ ಕಲ್ಲು ಕಾಣದೆ ನಿಲ್ಲುತ್ತಾಳೆ, ಹಾಡೂ ತಡೆದು ನಿಲ್ಲುತ್ತದೆ, ಮತ್ತೆ ಹೆಜ್ಜೆ. ಇರಸಂಗಪ್ಪ ಮಂಟಪದಲ್ಲಿ ಬೆರಳಿನಿಂದ ಮಣೆಯ ಮೇಲೆ ತಾಳ ಹಾಕುತ್ತಿದ್ದವನು ಆ ತಡೆಯುವ ಜಾಗದಲ್ಲಿ ತಡೆಯಲಿಲ್ಲ, ಇನ್ನೊಂದು ಟಪ್ ಎನಿಸಿಬಿಟ್ಟ. "ಹುಡುಗಿನ್ನ ನೀರಿಗೆ ಕೆಡವಿದಿ ನೋಡಪಾ" ಎಂದಳು ನನ್ನ ಅತ್ತೆ. ಬೀಗರೆಲ್ಲ ನಕ್ಕರು, ನೀಲವ್ವ ಸೆರಗು ಕಚ್ಚಿಕೊಂಡು ನಕ್ಕಳು. ಆ ಮೇಲೆ ಅವನು ಬೇಕೆಂದೇ ಪ್ರತಿ ಸಲ ಅಲ್ಲೊಂದು ಟಪ್ ಎನಿಸುತ್ತಿದ್ದ. ಆ ದಿನಗಳಲ್ಲಿ ಅವರ ಕಟ್ಟೆಯ ಬೆಳಕಿನಲ್ಲಿ ನಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸಬಹುದಿತ್ತು.

ಅಂಥವರ ಕಡ್ಡಿ ಇಳಿಯತೊಡಗಿತು. ಒಮ್ಮೆಗೇ ಅಲ್ಲ. ಒಂದು ಅಮಾವಾಸ್ಯೆಗೆ ಒಂದು ಕಮ್ಮಿ, ಇನ್ನೊಂದಕ್ಕೆ ಮತ್ತೊಂದು. ಎದುರಿಗೇ ಕೂರುವ ನನಗೆ ಕಾಣದೆ ಇರುತ್ತದೆಯೇ? ಆದರೆ ಅದನ್ನು ಬಾಯಿಬಿಟ್ಟು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕಡೆಗೆ ಒಂದು ದಿನ ಬಾವಿಕಟ್ಟೆಯಲ್ಲಿ ಅವಳೇ ಕೊಡ ಕೆಳಗಿಟ್ಟು ಹೇಳಿದಳು.

"ಚನ್ನಕ್ಕಾ, ಒಂದ ಒಂದು ಕಡ್ಡಿ ಉಳಿದೈತಿ ನೋಡು."

"ಏನಾಗೇತಿ ನಿಮಗ? ಜಗಳ ಸಹಿತ ಆಡಾಂಗಿಲ್ಲಲ್ಲ ನೀವು."

"ಆಡಿದ್ರ ಚಲೋ ಇತ್ತು" ಎಂದಳು ನೀಲವ್ವ. "ಅವರ ಮನಸು ಇಲ್ಲಿ ಇಲ್ಲಕ್ಕಾ. ಹಿಂದಿನಿಂದ ಕರದ್ರ ಓ ಅನ್ನಾಂಗಿಲ್ಲ. ಮುಂದ ನಿಂತು ಕೇಳಿದ್ರ ನನ್ನ ಮಾರಿ ನೋಡಿ, ಸಾವಕಾಶ ಉತ್ತರಾ ಕೊಡ್ತಾರ, ಪರದೇಶದವ್ರ ಜೋಡಿ ಮಾತಾಡಿದಂಗ. ಹಾಡು ಕೇಳೂ ಮುಂದ ಸುಮ್ನ ತಲಿ ತೂಗ್ತಾರ ಅಷ್ಟ. ಅವರು ತಲಿ ತೂಗೂದು, ಈ ಕಡ್ಡಿ ಇಳಿಯೂದು. ಯಾರೋ ಅದಾರ ಅವರ ಮನಸಿನ್ಯಾಗ."

"ಹುಚ್ಚಿ ಅದಿ ನೀ. ಮೈಯೆಲ್ಲಾ ಕಲ್ಲಿನ ಪುಡಿ, ಅವನ್ನ ಯಾರು ನೋಡ್ತಾರ?" ಎಂದು ನಗಿಸಲು ನೋಡಿದೆ. ಅವಳು ನಗಲಿಲ್ಲ.

"ಈ ಅಮಾಸಿಗೆ ಅದು ಆರ್ತೈತಿ. ನನಗ ಗೊತ್ತೈತಿ. ಆರಿದ ಮ್ಯಾಲ ಹೊಂಡದ ದಂಡಿಗೆ ಇಟ್ಟು, ಹಂಗ ತಮ್ಮನ ಊರ ಬಸ್ಸು ಹತ್ತಾಕಿ. ಅವರನ್ನ ಬಿಟ್ಟು ಹ್ಯಾಂಗ ಇರ್ತೀನೋ ಗೊತ್ತಿಲ್ಲ. ಆದ್ರ ಬ್ಯಾಡಾದಾಕಿ ಆಗಿ ಒಂದ ಸೂರಿನ ಕೆಳಗ ಇರಾಕ ನನ್ನ ಕೈಲೆ ಆಗಾಂಗಿಲ್ಲ" ಎಂದು ಹೇಳಿ ಅತ್ತುಬಿಟ್ಟಳು. ಕೊಡವನ್ನು ಅವಳ ತಲೆಗೆ ಎತ್ತಿಕೊಟ್ಟೆ.

ಅಮಾವಾಸ್ಯೆ ಬಂತು. ಮಧ್ಯಾಹ್ನವೇ ಅವಳು ಸೀರೆಗಳನ್ನು ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಳು. ಇರಸಂಗಪ್ಪ ಕೆಲಸದಿಂದ ಬಂದು ಸ್ನಾನ ಮಾಡಿ, ಗಂಟನ್ನು ನೋಡಿದರೂ ನೋಡದವನಂತೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಅವಳೂ ಬಂದು ಕೂತಳು. ನಡುವೆ ಪ್ಲೇಯರು, ಕಿಟಕಿಯಲ್ಲಿ ಒಂದೇ ಒಂದು ಕಡ್ಡಿ, ಅದೂ ಮಿಣುಕು ಮಿಣುಕು. ಓಣಿಯಲ್ಲೆಲ್ಲ ಹಸಿರು ಹೊತ್ತಿಕೊಂಡು ಅವರ ಕಟ್ಟೆ ಮಾತ್ರ ಕತ್ತಲಾಗಿತ್ತು. ನನ್ನ ಕಿವಿಯಲ್ಲಿ ಹಾಡಿತ್ತು, ಆದರೆ ಆಣೆ ಮಾಡಿ ಹೇಳುತ್ತೇನೆ, ನನ್ನ ಕಣ್ಣು ಆ ಕಡೆಯೇ ಇತ್ತು. ನನ್ನ ಅತ್ತೆ ತೊಡೆಗೆ ಚಿವುಟಿ, "ಏ ಚನ್ನೀ, ಅವರ ಮನಿ ದೀಪಾ ನೋಡಿ ನಮ್ಮ ಮನೀದು ಆರಸ್ತಿ ಏನು?" ಎಂದಳು. ನೋಡಿದರೆ ನಮ್ಮದರಲ್ಲಿ ಒಂದು ಕಡ್ಡಿ ಇಳಿದಿತ್ತು.

ಅಲ್ಲಿ ಆದದ್ದನ್ನು ನೀಲವ್ವ ಆ ಮೇಲೆ ನನಗೆ ಹೇಳಿದಳು. ಅವಳು ಗುಂಡಿ ಒತ್ತಿದ್ದಳು. ಯಾವುದೋ ಹೊಸ ಹಾಡು ಹತ್ತಿತ್ತು. ಗಂಡ ಎಂದಿನಂತೆ ಎದುರಿನ ಗೋಡೆ ನೋಡುತ್ತಾ ತಲೆದೂಗತೊಡಗಿದ. ಅವಳು ಎಂದಿನಂತೆ ಒಮ್ಮೆ ಅವನ ಮುಖ, ಒಮ್ಮೆ ಕಡ್ಡಿ, ಮತ್ತೆ ಅವನ ಮುಖ ನೋಡುತ್ತಾ ಕೂತಳು. ಸೆರಗು ಸರಿಮಾಡಿಕೊಳ್ಳಲು ಹೋದಾಗ ವೈರು ಸೆರಗಿಗೆ ಸಿಕ್ಕಿ ಜಗ್ಗಿತು. ಹಾಡು ಪಟ್ಟನೆ ನಿಂತುಹೋಯಿತು.

ಆರಿತು ಅಂದುಕೊಂಡಳು. ಕಿಟಕಿ ನೋಡಿದರೆ ಕಡ್ಡಿ ಇನ್ನೂ ಮಿಣುಕುತ್ತಿದೆ. ಮತ್ತೆ ನೋಡಿದಳು. ವೈರಿನ ಪಿನ್ನು ಪ್ಲೇಯರಿನಿಂದ ಬಿಚ್ಚಿ ಕಟ್ಟೆಯ ಅಂಚಿಗೆ ಜೋತುಬಿದ್ದಿತ್ತು. ಓ, ಇಷ್ಟೇ ಎಂದು ಅದನ್ನು ಎತ್ತಿಕೊಂಡು, "ಏನ್ರೀ, ಪಿನ್ನು ಬಿಚ್ಚಿತು" ಎನ್ನುತ್ತಾ ಗಂಡನ ಕಡೆ ತಿರುಗಿದಳು.

ಅವನು ತಲೆದೂಗುತ್ತಲೇ ಇದ್ದ.

ಗೋಡೆ ನೋಡುತ್ತಾ, ಏನೂ ಆಗದವನಂತೆ, ಬೆರಳಿನಿಂದ ಕಲ್ಲಿನ ಮೇಲೆ ತಾಳ ಹಾಕುತ್ತಾ, ಇಲ್ಲದ ಹಾಡಿಗೆ ತಲೆದೂಗುತ್ತಿದ್ದ. ಅವಳು ಇನ್ನೊಮ್ಮೆ "ಏನ್ರೀ" ಎಂದಳು. ಅವನು ತಿರುಗಲಿಲ್ಲ. ಹಿಂದಿನಿಂದ ಕರೆದರೆ ಓ ಎನ್ನದವನು. ಮುಖ ನೋಡಿದ ಮೇಲೆಯೇ ಉತ್ತರ ಕೊಡುವವನು. ಕಾರ್ಖಾನೆಯಲ್ಲಿ ಆ ಮಷೀನಿನ ಸದ್ದಿನ ನಡುವೆ ಅವರು ಕೈಸನ್ನೆಯಲ್ಲೇ, ತುಟಿ ನೋಡಿಯೇ ಮಾತಾಡುತ್ತಾರೆಂದು ಅವನೇ ಎಂದೋ ಹೇಳಿದ್ದ. ನಕ್ಕು ಮರೆತಿದ್ದಳು. ಅಯ್ಯೋ, ಇವರ ಕಿವಿ ಹೋಗಿದೆ. ಯಾವಾಗಲೋ ಹೋಗಿದೆ. ಕಿವಿ ಹೋದವನ ತುದಿ ಖಾಲಿಯಾಗುತ್ತದೆ, ಕಡ್ಡಿ ಆರುತ್ತದೆ, ಹೆಂಡತಿ ಹೋಗಿಬಿಡುತ್ತಾಳೆ ಎಂದು ಹೆದರಿ, ದಿನಾ ಸಂಜೆ ಬಂದು, ಕೇಳದ ಹಾಡಿಗೆ ತಲೆದೂಗಿದ್ದಾರೆ. ಬಾಗಿಲ ಹಿಂದಿನ ಗಂಟನ್ನು ನೋಡಿಯೂ ಬಂದು ಕೂತಿದ್ದಾರೆ.

ಅವನ ಭುಜ ಹಿಡಿದು ಅಲುಗಿಸಬೇಕೆಂದು ಕೈ ಎತ್ತಿದಳಂತೆ. ಎತ್ತಿದ ಕೈ ಅಲ್ಲಿಯೇ ನಿಂತಿತು. ಏಕೆಂದರೆ ಇನ್ನೊಂದು ಕೈ ಕಟ್ಟೆಯ ಕಲ್ಲಿನ ಮೇಲಿತ್ತು, ಆ ಅಂಗೈಗೆ ಏನೋ ತಾಗುತ್ತಿತ್ತು. ಅವನ ಬೆರಳಿನ ಪೆಟ್ಟು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಕಲ್ಲು ಅದು, ಅವನು ಬಡಿದದ್ದು ಅವಳ ಕೈಗೆ ಬರುತ್ತಿತ್ತು. ಅವಳು ಕಡ್ಡಿ ನೋಡುವುದನ್ನು ಬಿಟ್ಟಳು. ಅವನ ಮುಖ ನೋಡುವುದನ್ನೂ ಬಿಟ್ಟಳು. ಅಂಗೈ ಪೂರ್ತಿ ಕಲ್ಲಿಗೆ ಒತ್ತಿ ಕಣ್ಣು ಮುಚ್ಚಿದಳು.

ಟಪ್, ಟಪ್, ಟಪ್, ಟಪ್. ಆ ಮೇಲೆ ತಡೆಯಬೇಕಾದಲ್ಲಿ ತಡೆಯದೆ, ಇನ್ನೊಂದು ಟಪ್.

ಹಳ್ಳ ದಾಟುವ ಹುಡುಗಿ. ಪ್ಲೇಯರಿನಲ್ಲಿ ಯಾವ ಹಾಡು ಹತ್ತಿದ್ದರೂ ಅವನು ಕೇಳುತ್ತಿದ್ದದ್ದು ಅದೊಂದೇ ಹಾಡು. ಕಿವಿ ಹೋದ ಮೇಲೂ ಅವನೊಳಗೆ ಉಳಿದದ್ದು ಅದೊಂದೇ. ಇಷ್ಟು ದಿನ ಪ್ರತಿ ಸಂಜೆ ಪಕ್ಕದಲ್ಲೇ ಕೂತು ಅವನು ಅದನ್ನು ಬಡಿಯುತ್ತಿದ್ದ, ಅವಳು ಕಡ್ಡಿ ಎಣಿಸುತ್ತಿದ್ದಳು. ನೀಲವ್ವನಿಗೆ ಅಳು ಬಂತು, ಆ ಇನ್ನೊಂದು ಟಪ್ ಬಂದಾಗ ಅಳುವಿನ ನಡುವೆಯೇ ನಗುವೂ ಬಂತು. ಅವಳು ಕೇಳಿದಳು. ಹುಡುಗಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟಳು, ಇರಸಂಗಪ್ಪ ಪ್ರತಿ ಸಲ ಅವಳನ್ನು ನೀರಿಗೆ ಕೆಡವಿದ, ಪ್ರತಿ ಸಲ ಅವಳು ಎದ್ದು ಮುಂದೆ ನಡೆದಳು.

ಮುಂದಿನದನ್ನು ನಾನೇ ಕಣ್ಣಾರೆ ಕಂಡೆ. ಮಿಣುಕುತ್ತಿದ್ದ ಆ ಕಡ್ಡಿ ನಿಂತಿತು. ನಾನು ಹೋಯಿತು ಅಂದುಕೊಂಡು ಕಣ್ಣು ಮುಚ್ಚಿದೆ. ತೆರೆದಾಗ ಅದು ನಿಚ್ಚಳವಾಗಿ ಉರಿಯುತ್ತಿತ್ತು, ಅದರ ಪಕ್ಕ ಇನ್ನೊಂದು ಎದ್ದಿತ್ತು. ಅದರ ಪಕ್ಕ ಮತ್ತೊಂದು. ಒಮ್ಮೆ ಕೂತು ಏಳುವುದರೊಳಗೆ ಎರಡು ಕಡ್ಡಿ ಏರಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಇದು ನಿಲ್ಲಲೇ ಇಲ್ಲ. ಕಿಟಕಿ ತುಂಬಿತು, ತುಂಬಿದ ಮೇಲೂ ಬೆಳಕು ಬಲಿಯುತ್ತಲೇ ಹೋಯಿತು. ಅವರ ಕಟ್ಟೆಯ ಪಾಲಿಶ್ ಕಲ್ಲು ಹಸಿರು ನೀರಿನಂತೆ ಹೊಳೆಯಿತು. ಅವರ ಗೋಡೆ ಕಂಡಿತು, ಜಂತಿ ಕಂಡಿತು, ನಮ್ಮ ಕಟ್ಟೆ ಕಂಡಿತು, ನನ್ನ ಅತ್ತೆಯ ಮುಖದ ಒಂದೊಂದು ಗೆರೆಯೂ ಕಂಡಿತು. ಓಣಿಯ ಮಂದಿ ಒಬ್ಬೊಬ್ಬರೇ ಕಿವಿಯಿಂದ ವೈರು ತೆಗೆದು ಎದ್ದು ನಿಂತರು. ಹಾಡಿನ ನಡುವೆ ಏಳುವುದು ನಮ್ಮಲ್ಲಿ ತಪ್ಪು. ಆದರೂ ಎದ್ದರು. ನನ್ನ ಅತ್ತೆ, ಆ ಬಾಯಿಬಡಕಿ, ಎರಡೂ ಕೈ ಜೋಡಿಸಿ ನಿಂತಿದ್ದಳು.

ಅಷ್ಟರಲ್ಲಿ ಯಾರಿಗೋ ಕಂಡಿತು. "ಪಿನ್ನು ನೋಡ್ರೀ" ಎಂದು ಮೆಲ್ಲಗೆ ಅಂದರು. ಎಲ್ಲರೂ ನೋಡಿದೆವು. ಪಿನ್ನು ಅವಳ ಮಡಿಲಲ್ಲಿ ಬಿದ್ದಿತ್ತು. ಅವರಿಬ್ಬರ ಕಿವಿಯ ತುದಿಯಲ್ಲೂ ಹಾಡು ಇರಲಿಲ್ಲ.

ಇರಸಂಗಪ್ಪನಿಗೆ ಇದೆಲ್ಲ ತಡವಾಗಿ ತಿಳಿಯಿತು. ಎದುರಿನ ಗೋಡೆ ಇದ್ದಕ್ಕಿದ್ದಂತೆ ಹಸಿರಾದದ್ದು ಕಂಡು ಅವನ ಬೆರಳು ನಿಂತಿತು. ಮಂದಿ ಎದ್ದು ನಿಂತದ್ದು ಕಂಡ. ಕೆಳಗೆ ಪ್ಲೇಯರು ನೋಡಿದ. ಆ ಮೇಲೆ ಹೆಂಡತಿಯ ಮಡಿಲಲ್ಲಿದ್ದ ಪಿನ್ನು ನೋಡಿದ. ತನ್ನ ಗುಟ್ಟು ಇಡೀ ಓಣಿಯ ಮುಂದೆ ರಟ್ಟಾಯಿತು ಎಂದು ತಿಳಿಯಿತು. ಕಿವಿ ಕೇಳದವರು ಮಾತಾಡುವಂತೆ ತುಸು ದೊಡ್ಡ ದನಿಯಲ್ಲಿ ಹೇಳಿದ.

"ನೀಲಾ, ಪಿನ್ನು ಬಿಚ್ಚೈತಿ."

ಅವಳು ಕಣ್ಣೊರೆಸಿಕೊಂಡು, ಅವನಿಗೆ ತುಟಿ ಕಾಣುವಂತೆ ಆ ಬೆಳಕಿಗೆ ಮುಖ ತಂದು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಇರ್ಲಿ ಬಿಡ್ರೀ. ನೀವು ಹಾಡು ನಿಲ್ಲಸಬ್ಯಾಡ್ರಿ."

ಆ ಮೇಲೆ ಅವನ ಬೆರಳು ಮತ್ತೆ ಕಲ್ಲಿನ ಮೇಲೆ ಇಳಿಯಿತು.

ಪ್ಲೇಯರು ರಿಪೇರಿ ಮಾಡುವ ಮೋದಿನಸಾಬ ಮರುದಿನ ತಾನೇ ಬಂದು, "ಪಿನ್ನು ಸಡ್ಲ ಆಗಿರಬೇಕವ್ವಾ, ಕೊಡು, ಬಿಗಿ ಮಾಡಿಕೊಡ್ತೀನಿ" ಎಂದ. ನೀಲವ್ವ ಬ್ಯಾಡಪಾ ಎಂದಳು. ನಾನೂ ನನ್ನ ಅತ್ತೆಯೂ ಒಂದು ಸಂಜೆ ಪಿನ್ನು ತೆಗೆದು ಕೂತು ನೋಡಿದೆವು. ಯಾವ ಹಾಡು ನೆನೆಯುವುದು ಎನ್ನುವುದಕ್ಕೇ ಜಗಳ ಹತ್ತಿ ಎರಡು ಕಡ್ಡಿ ಇಳಿದವು. ಸುಮ್ಮನೆ ಪಿನ್ನು ಹಾಕಿಕೊಂಡೆವು. ಎಲ್ಲರಿಗೂ ಬರುವ ವಿದ್ಯೆ ಅಲ್ಲ ಅದು.

ಮುಂದೊಂದು ದಿನ ಬಾವಿಕಟ್ಟೆಯಲ್ಲಿ ನೀಲವ್ವನಿಗೆ ಕೇಳಿದೆ. "ಅಲ್ಲ ನೀಲವ್ವಾ, ಅವನ ಕಿವಿ ಹೋಗಿತ್ತು, ಅದಕ್ಕ ಕಡ್ಡಿ ಇಳದ್ವು. ಸರಿ. ಮತ್ತ ಕಿವಿ ಬರದನ ಅವು ಹ್ಯಾಂಗ ಏರಿದ್ವು?"

ಅವಳು ಹಗ್ಗ ಸುತ್ತುತ್ತಿದ್ದವಳು ನಿಲ್ಲಿಸಿದಳು. "ಅವರಿಂದ ಒಂದು ಕಡ್ಡೀನೂ ಇಳದಿರಲಿಲ್ಲ ಚನ್ನಕ್ಕಾ" ಎಂದಳು. "ಅವರು ದಿನಾ ಕೇಳಾಕತ್ತಿದ್ರು. ಎರಡೂ ಕಿವಿ ಇಟ್ಟಕೊಂಡು ಕೇಳದ ಕೂತಾಕಿ ನಾನು."

ಹಾಗೆ ಹೇಳಿ ಕೊಡ ಎತ್ತಿಕೊಂಡು ಮನೆಗೆ ಹೊರಟಳು. ಆಗಲೇ ಹೊತ್ತು ಇಳಿಯುತ್ತಿತ್ತು. ಇರಸಂಗಪ್ಪ ಕೆಲಸದಿಂದ ಬಂದು, ಸ್ನಾನ ಮಾಡಿ, ಕಟ್ಟೆಯ ಕಲ್ಲಿನ ಮೇಲಿನ ಧೂಳನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸುತ್ತಿದ್ದ.